ಗಣಿಯ ಹಿಂದೆ ಯಾರ್ಯಾರಿದ್ದಾರೆ? ಓದುಗರ ಪ್ರಶ್ನೆ, ನನ್ನ ಉತ್ತರ

ಹೋದ ತಿಂಗಳು ಈ ಅಂಕಣದಲ್ಲಿ ಹಟ್ಟಿ ಚಿನ್ನದ ಗಣಿಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ತುಂಬಾ ಪತ್ರ ಬಂದಿವೆ. ಓದುತ್ತಾ ಹೋದರೆ ಹೆಚ್ಚಿನವರು ಕೇಳಿರೋದು ಚಿನ್ನದ ಬಗ್ಗೆ ಅಲ್ಲ. ಗಣಿಯ ಹಿಂದೆ ಮುಂದೆ ಓಡಾಡುವ ಇಲಾಖೆ, ಸಂಸ್ಥೆಗಳ ಬಗ್ಗೆ. ಯಾರು ಏನು ಮಾಡುತ್ತಾರೆ, ನಮ್ಮ ಮಾತನ್ನು ಯಾರ ಹತ್ತಿರ ಹೇಳಬೇಕು ಅಂತ. ನಾನು ಭೂವಿಜ್ಞಾನಿಯಾಗಿ 32 ವರ್ಷ ಡ್ರಿಲ್ಲಿಂಗ್ ಕ್ಯಾಂಪುಗಳಲ್ಲಿ ಇದ್ದವನು. ರಾಯಚೂರು, ಚಿತ್ರದುರ್ಗ, ಬಳ್ಳಾರಿ ಸೀಮೆಯ ಕಲ್ಲು ನೋಡಿದ್ದೇನೆ, ಅಲ್ಲಿನ ಜನರ ಮನೆಯಲ್ಲಿ ಊಟ ಮಾಡಿದ್ದೇನೆ. ಬಂದ ಪತ್ರಗಳಲ್ಲಿ ಏಳನ್ನು ಆರಿಸಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ನಮ್ಮ ಹೊಲದ ಬದುವಿನ ಕಲ್ಲಿಗೆ ಕೆಂಪು ಬಣ್ಣ ಬಳಿದು ನಂಬರ್ ಹಾಕಿದ್ದಾರೆ. ಹೋದ ವರ್ಷ ಸಣ್ಣ ಸಣ್ಣ ಚೀಲದಲ್ಲಿ ಮಣ್ಣು ತುಂಬಿಕೊಂಡು ಹೋದರು. ಈಗ ಮಷಿನ್ ತಂದು ಬೋರ್ ಹಾಕುತ್ತಾರಂತೆ. ನಮ್ಮ ಹೊಲ ಹೋಗುತ್ತಾ? ಇವರೆಲ್ಲ ಯಾರು?
ಒಬ್ಬ ರೈತರು, ಲಿಂಗಸುಗೂರು ತಾಲ್ಲೂಕು

ಯಜಮಾನರೇ, ಮೊದಲು ಸಮಾಧಾನ ಮಾಡಿಕೊಳ್ಳಿ. ಬೋರ್ ಹಾಕಿದ ಕಡೆಯೆಲ್ಲ ಗಣಿ ಆಗುವುದಿಲ್ಲ. ನಾನು ಪಕ್ಕದಲ್ಲಿ ನಿಂತು ಹಾಕಿಸಿದ ಬೋರುಗಳಲ್ಲಿ ಬಹುಪಾಲು ಇವತ್ತು ತಲೆಯ ಮೇಲೆ ಒಂದು ಸಿಮೆಂಟ್ ಕಟ್ಟೆ ಹೊತ್ತು ಹೊಲದ ಮೂಲೆಯಲ್ಲಿವೆ. ಸುತ್ತ ತೊಗರಿ, ಜೋಳ ಬೆಳೆಯುತ್ತಲೇ ಇದೆ.

ನಿಮ್ಮ ಹೊಲಕ್ಕೆ ಬಂದವರು ನಾಲ್ಕೈದು ಕಡೆಯವರಲ್ಲಿ ಯಾರಾದರೂ ಇರಬಹುದು. ಒಂದು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ. ನಾವು ಜಿ.ಎಸ್.ಐ. ಅಂತೀವಿ. 1851ರಲ್ಲಿ ಶುರುವಾಗಿದ್ದು, ದೇಶದ ನೆಲದ ನಕ್ಷೆ ಬರೆಯೋದೇ ಅವರ ಕೆಲಸ. ಎರಡು, ನಮ್ಮ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ. ಮೂರು, ನಾಗ್ಪುರದ ಎಂ.ಇ.ಸಿ.ಎಲ್. 1972ರಲ್ಲಿ ಹುಟ್ಟಿದ ಕೇಂದ್ರ ಸರ್ಕಾರದ ಕಂಪನಿ ಇದು. ಆಳದ ಬೋರು ಹೊಡೆಯುವುದರಲ್ಲಿ ಪಳಗಿದವರು. ಚಿನ್ನದ ಸೀಮೆಯಾದ್ದರಿಂದ ಹಟ್ಟಿ ಕಂಪನಿಯವರೂ ಆಗಿರಬಹುದು. ಇತ್ತೀಚೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟ ಖಾಸಗಿ ಅನ್ವೇಷಣಾ ಸಂಸ್ಥೆಗಳೂ ಬರುತ್ತಿವೆ.

ಕೆಲಸ ಹಂತ ಹಂತವಾಗಿ ನಡೆಯುತ್ತದೆ. ಮೊದಲು ಸುಮ್ನೆ ನಡೆದಾಡಿ ಕಲ್ಲು ನೋಡುವುದು, ಹಳ್ಳದ ಮರಳು, ಹೊಲದ ಮಣ್ಣು ತೆಗೆದು ಲ್ಯಾಬಿಗೆ ಕಳಿಸುವುದು. ಇದನ್ನು ಜಿ-4 ಅನ್ನುತ್ತಾರೆ. ಏನಾದರೂ ಸುಳಿವು ಸಿಕ್ಕರೆ ಜಿ-3. ಆಗ ಕಾಲುವೆ ತೋಡುತ್ತಾರೆ, ದೂರ ದೂರಕ್ಕೆ ಒಂದೊಂದು ಬೋರು. ಅಲ್ಲೂ ಆಸೆ ಉಳಿದರೆ ಜಿ-2, ಕೊನೆಗೆ ಜಿ-1. ಪ್ರತಿ ಮೆಟ್ಟಿಲಲ್ಲೂ ಎಷ್ಟೋ ಜಾಗಗಳು ಕೈಬಿಟ್ಟು ಹೋಗುತ್ತವೆ. ಗಣಿ ಆಗುವ ಮಟ್ಟಕ್ಕೆ ಬಂದರೂ, 2015ರ ಕಾನೂನಿನ ಪ್ರಕಾರ ಚಿನ್ನ, ಕಬ್ಬಿಣದಂಥ ಖನಿಜದ ಗುತ್ತಿಗೆ ಸಾಮಾನ್ಯವಾಗಿ ಹರಾಜಿನಲ್ಲೇ ಹೋಗಬೇಕು. ಬೋರು ಹೊಡೆದ ಸರ್ಕಾರಿ ಸಂಸ್ಥೆ ಮಾರನೇ ದಿನವೇ ಗಣಿ ತೋಡಲು ಆಗುವುದಿಲ್ಲ.

ಬೋರಿನಿಂದ ಬರುವುದು ನೀರಲ್ಲ, ಕಲ್ಲಿನ ಕೋಲು. ಕೋರ್ ಅನ್ನುತ್ತೇವೆ. ವಜ್ರದ ಚೂರು ಕೂರಿಸಿದ ಬಿಟ್ ಉಂಗುರದ ಹಾಗೆ ಕಲ್ಲನ್ನು ಕೊರೆಯುತ್ತದೆ, ನಡುವೆ ಉಳಿದ ಕೋಲು ಕೊಳವೆಯೊಳಗೆ ಕೂರುತ್ತದೆ. ಮೂರು ಮೀಟರ್ ಇಳಿದ ಮೇಲೆ ಮೇಲಕ್ಕೆಳೆದು, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಉದ್ದುದ್ದ ಅಂಕಣ ಇರುವ ಪೆಟ್ಟಿಗೆಯಲ್ಲಿ ಎಡದಿಂದ ಬಲಕ್ಕೆ ಜೋಡಿಸುತ್ತಾರೆ. ಪ್ರತಿ ತುದಿಗೆ ಒಂದು ಮರದ ತುಂಡು, ಅದರ ಮೇಲೆ ಆಳದ ಅಂಕಿ. ಆಮೇಲೆ ಭೂವಿಜ್ಞಾನಿ ಕೋರಿನ ಮೇಲೆ ನೀರು ಸುರಿಯುತ್ತಾನೆ. ಒಣಗಿದ ಕೋರ್ ಬೂದಿ ಬಣ್ಣಕ್ಕಿರುತ್ತದೆ, ನೀರು ಬಿದ್ದ ಕೂಡಲೇ ಬಣ್ಣ ಎದ್ದು ಬರುತ್ತದೆ. ಹಟ್ಟಿ ಸೀಮೆಯಲ್ಲಾದರೆ ಕರಿ ಹಸಿರು ಕಲ್ಲು, ನಡುವೆ ಬೆಣಚುಕಲ್ಲಿನ ಬಿಳಿ ಎಳೆ. ಆ ಎಳೆಯ ಅಂಚಿನಲ್ಲಿ ಬೆಳ್ಳಿಯ ಹಾಗೆ ಹೊಳೆಯುವ ಹರಳು ಕಂಡರೆ ಸುತ್ತಿಗೆಯಿಂದ ಒಂದು ಏಟು ಕೊಟ್ಟು ಮೂಸಿ ನೋಡುತ್ತೇವೆ. ಬೆಳ್ಳುಳ್ಳಿ ವಾಸನೆ ಬಂದರೆ ಅದರಲ್ಲಿ ಆರ್ಸೆನಿಕ್ ಇದೆ. ಹಟ್ಟಿಯಲ್ಲಿ ಚಿನ್ನ ಈ ಖನಿಜದ ಜೊತೆ ಸೇರಿಕೊಂಡಿರುತ್ತದೆ. ಚಿನ್ನ ಕಣ್ಣಿಗೆ ಬೀಳೋದು ಅಪರೂಪ. ಒಂದು ಟನ್ ಕಲ್ಲಿಗೆ ಕೆಲವೇ ಗ್ರಾಂ ಇದ್ದರೂ ಗಣಿಯವರಿಗೆ ಸಾಕು.

ಈಗ ನಿಮಗೆ ಬೇಕಾದ ಮಾತು. ಬಂದವರ ಹತ್ತಿರ ಕಚೇರಿಯ ಪತ್ರ ಕೇಳಿ. ಕೇಳೋಕೆ ಹಿಂಜರಿಯಬೇಡಿ, ಅದು ನಿಮ್ಮ ಹಕ್ಕು. ಪಂಚಾಯಿತಿಗೂ ತಹಶೀಲ್ದಾರರಿಗೂ ತಿಳಿಸಿದ್ದಾರಾ ವಿಚಾರಿಸಿ. ಮಷಿನ್ ಹೊಲಕ್ಕೆ ಇಳಿಯುವ ಮೊದಲೇ ಬೆಳೆ ಎಷ್ಟು ಹಾಳಾಗುತ್ತೆ, ಎಷ್ಟು ಕೊಡುತ್ತಾರೆ ಅನ್ನೋದನ್ನು ಬರವಣಿಗೆಯಲ್ಲಿ ತಗೊಳ್ಳಿ. ಬೋರು ಮುಗಿದ ಮೇಲೆ ಕೆಸರಿನ ಗುಂಡಿ ಮುಚ್ಚಿಸಿ, ಬಾಯಿಗೆ ಮುಚ್ಚಳ ಹಾಕಿಸಿ. ಗಣಿ ಗುತ್ತಿಗೆ ಪಡೆದವರು ಹೊಲದಲ್ಲಿರುವವರಿಗೆ ಪರಿಹಾರ ಕೊಡಬೇಕು ಅಂತ ಗಣಿ ಮತ್ತು ಖನಿಜ ಕಾಯ್ದೆಯ 24ಎ ಕಲಮಿನಲ್ಲಿದೆ. ಆ ಕಲಮಿನ ನಂಬರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಮಾತಾಡುವಾಗ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ಅಶೋಕನ ಮಸ್ಕಿ ಶಾಸನ ಕಂಡುಹಿಡಿದವರು ಚಿನ್ನ ಹುಡುಕುವವರು ಅಂತ ಕೇಳಿದೆ. ನಿಜವಾ?
ಓದುಗರು, ಸಿಂಧನೂರು

ನಿಜ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಇಂಜಿನಿಯರ್ ಕಣ್ಣಿಗೆ ಅದು ಬಿತ್ತು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ' ಅಂತ ಬಿರುದು ಇತ್ತು, ಆ ರಾಜ ಅಶೋಕನೇ ಅಂತ ಗಟ್ಟಿಯಾಗಿದ್ದು ಮಸ್ಕಿಯಿಂದ. ಹೆಸರೇ ಕೊರೆದಿತ್ತಲ್ಲ. ಆ ಸೀಮೆಯಲ್ಲಿ ಚಿನ್ನ ಹುಡುಕುವವರು ಬೆಟ್ಟ ಹತ್ತಿದ್ದಕ್ಕೂ ಕಾರಣವಿದೆ. ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ನಮ್ಮವರು ಹಟ್ಟಿಯಲ್ಲಿ ನೂರಾರು ಅಡಿ ಆಳಕ್ಕೆ ಇಳಿದು ಚಿನ್ನ ತೆಗೆದಿದ್ದರು. ಕಲ್ಲಿಗೆ ಬೆಂಕಿ ಹಾಕಿ ಕಾಯಿಸಿ, ನೀರು ಎರಚಿ ಒಡೆಯುತ್ತಿದ್ದರು. ಆ ಹಳೇ ಗುಂಡಿಗಳೇ ಹೊಸಬರಿಗೆ ದಾರಿ ತೋರಿಸಿದವು.

ಪ್ರಶ್ನೆ: ಭೂವಿಜ್ಞಾನದಲ್ಲಿ ಬಿ.ಎಸ್ಸಿ. ಮುಗಿಸಿದ್ದೇನೆ. ಗಣಿ ಕೆಲಸಕ್ಕೆ ಹೋಗಬೇಕು ಅಂತ ಆಸೆ. ಹೆಣ್ಣುಮಕ್ಕಳನ್ನು ಗಣಿಯೊಳಗೆ ಬಿಡೋದೇ ಇಲ್ಲ, ಸುಮ್ನೆ ಬಿ.ಇಡಿ. ಮಾಡು ಅಂತ ಮನೆಯಲ್ಲಿ ಹೇಳುತ್ತಾರೆ.
ವಿದ್ಯಾರ್ಥಿನಿ, ಹೊಸಪೇಟೆ

ಮನೆಯವರು ಹೇಳಿದ್ದು ಒಂದು ಕಾಲಕ್ಕೆ ಸರಿಯಾಗಿತ್ತಮ್ಮ. 1952ರ ಗಣಿ ಕಾಯ್ದೆ ಹೆಂಗಸರನ್ನು ನೆಲದಡಿಯ ಕೆಲಸಕ್ಕೆ ಇಳಿಸಬಾರದು ಅಂತಲೇ ಹೇಳಿತ್ತು. 2019ರಲ್ಲಿ ಕೇಂದ್ರ ಸರ್ಕಾರ ಆ ಬಾಗಿಲು ತೆರೆಯಿತು. ತಾಂತ್ರಿಕ, ಮೇಲ್ವಿಚಾರಣೆಯ ಕೆಲಸಕ್ಕೆ ಹೆಣ್ಣುಮಕ್ಕಳು ಹಗಲು ಹೊತ್ತು ನೆಲದಡಿಗೆ ಇಳಿಯಬಹುದು, ಬರವಣಿಗೆಯಲ್ಲಿ ಅವರ ಒಪ್ಪಿಗೆ ಇರಬೇಕು, ಒಂದು ಪಾಳಿಯಲ್ಲಿ ಮೂವರಿಗಿಂತ ಕಡಿಮೆ ಇರಬಾರದು ಅಂತ ಅವತ್ತು ನಿಯಮ ಮಾಡಿದರು. ನನಗೆ ಆ ಸುದ್ದಿ ಓದಿ ಎಷ್ಟು ಸಂತೋಷವಾಯಿತು ಅಂದರೆ, ನಮ್ಮ ಕ್ಯಾಂಪಿನಲ್ಲಿ ಕೋರಿನ ವಿವರ ಬರೆಯುತ್ತಿದ್ದ ಒಬ್ಬ ಹುಡುಗಿಗೆ ಆ ರಾತ್ರಿಯೇ ಫೋನ್ ಮಾಡಿದೆ. ಕಲ್ಲಿನ ವಿಚಾರದಲ್ಲಿ ಅವಳ ಕಣ್ಣು ನನ್ನದಕ್ಕಿಂತ ಚುರುಕು. ಶಾಫ್ಟಿನ ಬಾಯಿಯವರೆಗೆ ಬಂದು ನಿಲ್ಲಬೇಕಾಗಿತ್ತು ಅವಳು, ಒಳಗಿನ ಕಲ್ಲನ್ನು ನಾವು ಮೇಲೆ ತಂದು ತೋರಿಸಬೇಕಾಗಿತ್ತು.

ಈಗ ನಿನ್ನ ದಾರಿ. ಬಿ.ಎಸ್ಸಿ.ಗೆ ನಿಲ್ಲಬೇಡ. ಜಿ.ಎಸ್.ಐ. ಭೂವಿಜ್ಞಾನಿ ಹುದ್ದೆಗೆ ಯು.ಪಿ.ಎಸ್.ಸಿ. ನಡೆಸುವ ಜಿಯೋ ಸೈಂಟಿಸ್ಟ್ ಪರೀಕ್ಷೆ ಬರೆಯಬೇಕು, ಅದಕ್ಕೆ ಎಂ.ಎಸ್ಸಿ. ಬೇಕು. ನಿನ್ನ ಊರಿಗೆ ಹತ್ತಿರವೇ, ಸಂಡೂರು ತಾಲ್ಲೂಕಿನ ನಂದಿಹಳ್ಳಿಯಲ್ಲಿ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಇದೆ. ಅಲ್ಲಿ ಅದಿರು ಸಂಸ್ಕರಣೆಯನ್ನೇ ಓದಿಸುತ್ತಾರೆ. ಸುತ್ತ ಗಣಿಗಳ ನಡುವೆ ಕೂತು ಓದುವ ಭಾಗ್ಯ ಎಲ್ಲರಿಗೂ ಸಿಗೋದಿಲ್ಲ. ಇಂಜಿನಿಯರಿಂಗ್ ಕಡೆ ಹೋಗುವವರಿಗೆ ಸುರತ್ಕಲ್ಲಿನ ಎನ್.ಐ.ಟಿ.ಕೆ.ಯಲ್ಲಿ ಗಣಿ ವಿಭಾಗ ಇದೆ.

ಇನ್ನೊಂದು ದಾರಿಯೂ ಇದೆ, ಅದನ್ನು ಯಾರೂ ಹೇಳಿಕೊಡೋದಿಲ್ಲ. ಗಣಿಯಲ್ಲಿ ಮೇಟ್, ಬ್ಲಾಸ್ಟರ್, ಫೋರ್‌ಮನ್, ಮ್ಯಾನೇಜರ್ ಆಗಬೇಕಾದರೆ ಡಿ.ಜಿ.ಎಂ.ಎಸ್. ಕೊಡುವ ಸರ್ಟಿಫಿಕೇಟ್ ಬೇಕು. ಡಿ.ಜಿ.ಎಂ.ಎಸ್. ಅಂದರೆ ಗಣಿ ಸುರಕ್ಷತೆಯ ಮಹಾನಿರ್ದೇಶನಾಲಯ. ಮುಖ್ಯ ಕಚೇರಿ ಧನಬಾದ್, ನಮ್ಮ ಕಡೆಗೆ ಬಳ್ಳಾರಿಯಲ್ಲೂ ಕಚೇರಿ ಇದೆ. 1902ರಿಂದ ಇರುವ ಸಂಸ್ಥೆ. ಡಿಗ್ರಿ ಎಷ್ಟೇ ದೊಡ್ಡದಿರಲಿ, ಆ ಸರ್ಟಿಫಿಕೇಟ್ ಇಲ್ಲದೆ ಒಂದು ಪಾಳಿಯ ಜವಾಬ್ದಾರಿ ಯಾರೂ ಕೈಗೆ ಕೊಡೋದಿಲ್ಲ. ಕೊಡಲೂಬಾರದು. ಓದುವಾಗಲೇ ಪ್ರಥಮ ಚಿಕಿತ್ಸೆಯ ತರಬೇತಿ ಮುಗಿಸಿಕೋ. ಅಪ್ಪ ಅಮ್ಮನಿಗೆ ಈ ಪುಟ ಓದಿಸು.

ಪ್ರಶ್ನೆ: ನಮ್ಮ ತಂದೆ ಕೆ.ಜಿ.ಎಫ್. ಗಣಿಯಲ್ಲಿ 26 ವರ್ಷ ಕೆಲಸ ಮಾಡಿದರು. ಈಗ ಉಸಿರಾಟದ ತೊಂದರೆ. ಟಿ.ಬಿ. ಅಂತ ಎರಡು ಸಲ ಔಷಧಿ ಕೊಟ್ಟರು. ಗಣಿ ಕೆಲಸಗಾರರ ಆರೋಗ್ಯಕ್ಕೆ ಅಂತ ಯಾವ ಸಂಸ್ಥೆಯೂ ಇರಲಿಲ್ಲವಾ?
ಓದುಗರು, ರಾಬರ್ಟ್‌ಸನ್‌ಪೇಟೆ

ಇತ್ತು ತಂಗಿ, ನಿಮ್ಮ ಊರಲ್ಲೇ ಇತ್ತು. ಅದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ.

ಬೆಣಚುಕಲ್ಲು ಕೊರೆದಾಗ ಏಳುವ ಧೂಳು ಕಣ್ಣಿಗೆ ಕಾಣೋದಕ್ಕಿಂತ ಸಣ್ಣದು. ಶ್ವಾಸಕೋಶಕ್ಕೆ ಹೋಗಿ ಕೂತರೆ ಹೊರಗೆ ಬರೋದಿಲ್ಲ. ಸುತ್ತ ಗಾಯ ಆಗಿ, ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುತ್ತದೆ. ಅದೇ ಸಿಲಿಕೋಸಿಸ್. ನಮ್ಮ ದೇಶದಲ್ಲಿ ಈ ಕಾಯಿಲೆ ಮೊದಲು ದಾಖಲಾಗಿದ್ದು 1934ರಲ್ಲಿ, ಕೋಲಾರದ ಚಿನ್ನದ ಗಣಿಗಳಲ್ಲೇ. 1940ರಿಂದ 46ರವರೆಗೆ ಅಲ್ಲಿ ಸಾವಿರಾರು ಕೆಲಸಗಾರರನ್ನು ಪರೀಕ್ಷೆ ಮಾಡಿದಾಗ ನೂರಕ್ಕೆ 40ಕ್ಕೂ ಹೆಚ್ಚು ಜನರಲ್ಲಿ ಸಿಲಿಕೋಸಿಸ್ ಸಿಕ್ಕಿತು. ಒಣ ಡ್ರಿಲ್ ಬದಲು ನೀರು ಬಿಟ್ಟು ಕೊರೆಯುವುದು, ಗಾಳಿ ಹಾಯಿಸುವುದು ಎಲ್ಲ ಯಾಕೆ ಮುಖ್ಯ ಅನ್ನೋದು ಈ ಒಂದು ಅಂಕಿಯಲ್ಲೇ ಇದೆ.

1990ರಲ್ಲಿ ಗಣಿ ಕೆಲಸಗಾರರ ಆರೋಗ್ಯಕ್ಕೆ ಅಂತಲೇ ಒಂದು ರಾಷ್ಟ್ರೀಯ ಸಂಸ್ಥೆ ಕೆ.ಜಿ.ಎಫ್.ನಲ್ಲಿ ಶುರುವಾಯಿತು. ಧೂಳು ಅಳೆಯುವುದು, ಎಕ್ಸ್‌ರೇ ಓದುವುದು, ಶ್ವಾಸಕೋಶದ ಬಲ ನೋಡುವುದು, ಕಿವಿ, ಬೆನ್ನಿನ ತೊಂದರೆ ಹುಡುಕುವುದು ಅದರ ಕೆಲಸ. 2001ರ ಫೆಬ್ರವರಿ 28ಕ್ಕೆ ಗಣಿಯೇ ಮುಚ್ಚಿತು. ಸಂಸ್ಥೆ ನಾಗ್ಪುರಕ್ಕೆ ಹೋಯಿತು. 2019ರಲ್ಲಿ ಅದನ್ನು ಅಹಮದಾಬಾದಿನ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಜೊತೆ ಸೇರಿಸಿದರು. ಕೆಲಸ ನಿಂತಿಲ್ಲ ನಿಜ. ಆದರೆ ಆ ಧೂಳು ಕುಡಿದವರು ಮಾರಿಕುಪ್ಪಂ, ಚಾಂಪಿಯನ್ ರೀಫ್‌ನಲ್ಲೇ ಉಳಿದಿದ್ದಾರೆ. ಸಂಸ್ಥೆ ಹೋಗುವಾಗ ಕನಿಷ್ಠ ಒಂದು ಪರೀಕ್ಷಾ ಕೇಂದ್ರವನ್ನು ಅವರ ಪಾಲಿಗೆ ಊರಲ್ಲೇ ಬಿಟ್ಟು ಹೋಗಬೇಕಿತ್ತು. ಇದು ನನ್ನ ಗಟ್ಟಿ ಅಭಿಪ್ರಾಯ. ಈಗಲೂ ಮಾಡಬಹುದು.

ಅದೇ ಊರಲ್ಲಿ 1988ರಲ್ಲಿ ಇನ್ನೊಂದು ಸಂಸ್ಥೆ ಹುಟ್ಟಿತ್ತು, ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ, ಎನ್.ಐ.ಆರ್.ಎಂ. ಯಾಕೆ ಅಲ್ಲೇ ಹುಟ್ಟಿತು ಅಂತ ನಿಮ್ಮ ತಂದೆಯನ್ನು ಕೇಳಿ. 'ಏರ್ ಬ್ಲಾಸ್ಟ್' ಅನ್ನೋ ಮಾತು ಅವರ ಬಾಯಲ್ಲಿ ಬಂದೇ ಬರುತ್ತದೆ. ಮೂರು ಕಿಲೋಮೀಟರ್ ಆಳದಲ್ಲಿ ಕಲ್ಲಿನ ಮೇಲೆ ಎಷ್ಟು ಭಾರ ಇರುತ್ತೆ ಅಂದರೆ, ಪಕ್ಕದಲ್ಲಿ ಖಾಲಿ ಮಾಡಿದ ಕೂಡಲೇ ಗೋಡೆ ಸಿಡಿಮದ್ದಿನ ಹಾಗೆ ಒಡೆಯುತ್ತದೆ. ಮೇಲೆ ಊರಿನ ಮನೆಗಳ ಪಾತ್ರೆ ಅಲುಗಾಡುತ್ತಿದ್ದವು. ಕೆಳಗೆ ಯಾರಿದ್ದಾರೆ ಅಂತ ಹೆಂಗಸರು ಓಡಿ ಬರುತ್ತಿದ್ದರು. ಆ ಸಾವುಗಳಿಂದ ಕಲಿತ ವಿದ್ಯೆ ಇವತ್ತು ದೇಶದ ಅಣೆಕಟ್ಟು, ಸುರಂಗಗಳಿಗೆಲ್ಲ ಉಪಯೋಗಕ್ಕೆ ಬರುತ್ತಿದೆ.

ತಂದೆಯವರ ವಿಚಾರ. ಸಿಲಿಕೋಸಿಸ್ ಎಕ್ಸ್‌ರೇಯಲ್ಲಿ ಟಿ.ಬಿ.ಯ ಹಾಗೇ ಕಾಣಬಹುದು. ಸಿಲಿಕೋಸಿಸ್ ಇದ್ದವರಿಗೆ ಟಿ.ಬಿ. ಬರುವ ಸಂಭವವೂ ಜಾಸ್ತಿ. ಹಾಗಾಗಿ ಎದೆರೋಗ ತಜ್ಞರ ಹತ್ತಿರ ಹೋದಾಗ ಮೊದಲ ಮಾತೇ 'ಇವರು ಇಷ್ಟು ವರ್ಷ ಗಣಿಯಲ್ಲಿ ಡ್ರಿಲ್ ಹಿಡಿದವರು' ಅಂತ ಇರಲಿ. ಹಳೇ ಎಕ್ಸ್‌ರೇಗಳನ್ನು ಬಿಸಾಡಬೇಡಿ. ಕೆಲಸದ ಗುರುತಿನ ಚೀಟಿ, ಸಂಬಳದ ಚೀಟಿ ಏನಿದ್ದರೂ ಒಂದು ಕವರಿನಲ್ಲಿ ಜೋಪಾನವಾಗಿಡಿ. ಇದು ಕೆಲಸದಿಂದ ಬಂದ ಕಾಯಿಲೆ ಅಂತ ಕಾನೂನು ಒಪ್ಪಿದೆ, ಆದರೆ ಕೆಲಸ ಮಾಡಿದ್ದಕ್ಕೆ ಕಾಗದ ಬೇಕು.

ಪ್ರಶ್ನೆ: ನಮ್ಮೂರ ಮೇಲೆ ದಿನಕ್ಕೆ ನೂರಾರು ಲಾರಿ. ಮಾಳಿಗೆ ಮೇಲೆ ಒಣಗಿಸಿದ ಮೆಣಸಿನಕಾಯಿಗೂ ಕೆಂಪು ಧೂಳು. ಗಣಿ ದುಡ್ಡು ಕೋಟಿಗಟ್ಟಲೆ ಬಂದಿದೆ ಅಂತಾರೆ, ಅದು ಎಲ್ಲಿದೆ?
ಸ್ವಸಹಾಯ ಸಂಘದ ಸದಸ್ಯೆ, ಸಂಡೂರು ತಾಲ್ಲೂಕು

ಅಕ್ಕಾ, ಎರಡು ಕಡೆ ಇದೆ. ಎರಡನ್ನೂ ಬೇರೆ ಬೇರೆ ಮಾಡಿ ಕೇಳಬೇಕು.

ಮೊದಲನೆಯದು ಜಿಲ್ಲಾ ಖನಿಜ ಪ್ರತಿಷ್ಠಾನ. 2015ರ ಕಾನೂನಿನಲ್ಲಿ ಬಂತು. ಗಣಿಯವರು ಸರ್ಕಾರಕ್ಕೆ ಕಟ್ಟುವ ರಾಜಧನದ ಜೊತೆ ಇದಕ್ಕೂ ಕಟ್ಟಬೇಕು. ಹಳೇ ಗುತ್ತಿಗೆಯಾದರೆ ರಾಜಧನದ ನೂರಕ್ಕೆ 30, ಹರಾಜಿನಲ್ಲಿ ಹೋದ ಹೊಸ ಗುತ್ತಿಗೆಯಾದರೆ ನೂರಕ್ಕೆ 10. ಕುಡಿಯುವ ನೀರು, ಆರೋಗ್ಯ, ಶಾಲೆ, ಪರಿಸರದಂಥ ಕೆಲಸಕ್ಕೆ ಮೊದಲು ಖರ್ಚು ಮಾಡಬೇಕು. 2024ರ ಮಾರ್ಗಸೂಚಿಯ ಪ್ರಕಾರ ಇಂಥ ಕೆಲಸಗಳಿಗೆ ನೂರಕ್ಕೆ 70ಕ್ಕೆ ಕಡಿಮೆ ಆಗುವಂತಿಲ್ಲ.

ಎರಡನೆಯದು ಕೆ.ಎಂ.ಇ.ಆರ್.ಸಿ. ಇದರ ಕಥೆ ನಿಮಗೆ ಗೊತ್ತಿದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಆಮೇಲೆ ಗಣಿಗಳನ್ನು ಎ, ಬಿ, ಸಿ ಅಂತ ವಿಂಗಡಿಸಿ, ತುಂಬಾ ತಪ್ಪು ಮಾಡಿದ ಸಿ ಗುಂಪಿನ ಗುತ್ತಿಗೆಗಳನ್ನು ರದ್ದು ಮಾಡಿತು. ಅದಿರು ಮಾರಿದ ದುಡ್ಡಿನಲ್ಲಿ ಒಂದು ಪಾಲನ್ನು ಹಾಳಾದ ನೆಲ, ನೊಂದ ಜನಕ್ಕೆ ಅಂತ ಎತ್ತಿಡಿಸಿತು. ಆ ಹಣವನ್ನು ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿ ಖರ್ಚು ಮಾಡಲು ಮಾಡಿದ ಸರ್ಕಾರಿ ನಿಗಮವೇ ಇದು.

ನೀವು ಮಾಡಬೇಕಾದ್ದು ಇಷ್ಟು. ಗ್ರಾಮಸಭೆಯಲ್ಲಿ ಧೂಳಿನ ವಿಷಯ ಎತ್ತಿ, ನಡಾವಳಿಯಲ್ಲಿ ಬರೆಸಿ. 'ರಸ್ತೆ ಸರಿ ಮಾಡಿ' ಅಂತ ಬರೆಸಿದರೆ ಸಾಲದು. 'ಇಂಥ ಕಡೆಯಿಂದ ಇಂಥ ಕಡೆಯವರೆಗೆ, ಲಾರಿಗೆ ಊರ ಹೊರಗಿನ ಬೇರೆ ರಸ್ತೆ' ಅಂತ ಇರಲಿ. ಆ ನಡಾವಳಿಯ ಪ್ರತಿಯನ್ನು ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ನಮ್ಮ ಊರಿಗೆ ಇದುವರೆಗೆ ಯಾವ ಕೆಲಸ ಮಂಜೂರಾಗಿದೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಧೂಳು, ಸಿಡಿಮದ್ದಿನ ಬಿರುಕು ಗಣಿಯ ಒಳಗಿನ ತಪ್ಪಿನಿಂದ ಆಗಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಗೂ, ಡಿ.ಜಿ.ಎಂ.ಎಸ್.ಗೂ ಪತ್ರ ಹೋಗಲಿ. ಹತ್ತು ಹೆಂಗಸರು ಒಟ್ಟಿಗೆ ಹೋಗಿ. ನಾನು ನೋಡಿದ್ದೇನೆ, ಕೆಲಸ ಆಗುತ್ತದೆ.

ಪ್ರಶ್ನೆ: ಜಿ.ಎಸ್.ಐ., ರಾಜ್ಯದ ಇಲಾಖೆ, ಐ.ಬಿ.ಎಂ., ಎ.ಎಂ.ಡಿ., ಅದು ಇದು. ಒಂದು ಗಣಿಗೆ ಇಷ್ಟು ಕಚೇರಿ ಯಾಕೆ ಬೇಕು? ಕಂಪನಿಯವರೇ ಹುಡುಕಿ, ಅವರೇ ತೋಡಿದರೆ ಆಗೋದಿಲ್ವಾ?
ನಿವೃತ್ತ ಶಿಕ್ಷಕರು, ಚಿತ್ರದುರ್ಗ

ಮೇಷ್ಟ್ರೇ, ಇದಕ್ಕೆ ಉತ್ತರವಾಗಿ ನನ್ನ ಜೀವನದ ಒಂದು ದಿನ ಹೇಳುತ್ತೇನೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಗುಡ್ಡದ ಬುಡದಲ್ಲಿ ಬೋರು ಹಾಕಿಸಿದ್ದೆವು. ಎರಡು ತಿಂಗಳು ಅಲ್ಲೇ ಡೇರೆ. ಬಂದ ಕೋರನ್ನೆಲ್ಲ ನಾನೇ ತೊಳೆದು, ಅಳೆದು, ಪ್ರತಿ ತುಂಡಿನ ಮೇಲೆ ಕೆಂಪು ಬಣ್ಣದಲ್ಲಿ ಆಳ ಬರೆದಿದ್ದೆ. ಉದ್ದಕ್ಕೆ ಸೀಳಿ ಅರ್ಧ ಲ್ಯಾಬಿಗೆ ಹೋಯಿತು, ಉಳಿದರ್ಧ ಪೆಟ್ಟಿಗೆಯಲ್ಲಿ ಒಂದು ಕಚೇರಿಯ ಶೆಡ್ಡಿಗೆ ಹೋಯಿತು. ಕಚೇರಿಯ ಹೆಸರು ಬೇಡ. ಹತ್ತೊಂಬತ್ತು ವರ್ಷ ಆದ ಮೇಲೆ ಅದೇ ಗುಡ್ಡವನ್ನು ಮತ್ತೆ ನೋಡಬೇಕು ಅಂತ ಆಯಿತು. ಮೊದಲ ಸಲ ನಾವು ಚಿನ್ನ ಮಾತ್ರ ಹುಡುಕಿದ್ದೆವು, ಈಗ ಬೇರೆ ಲೋಹ ಬೇಕಾಗಿತ್ತು. ಹಳೇ ಕೋರ್ ಇದೆಯಲ್ಲ, ಅದನ್ನೇ ಪರೀಕ್ಷೆ ಮಾಡಿಸೋಣ ಅಂತ ಶೆಡ್ಡಿಗೆ ಹೋದೆ.

ಗಾಳಿಗೆ ತಗಡು ಹಾರಿ ಹೋಗಿ ಯಾವ ಕಾಲವಾಗಿತ್ತೋ. ಮರದ ಪೆಟ್ಟಿಗೆಗಳನ್ನು ಗೆದ್ದಲು ತಿಂದಿತ್ತು. ಮುಟ್ಟಿದರೆ ಹಿಟ್ಟು. ನೂರಾರು ಮೀಟರ್ ಕೋರು ಒಂದರ ಮೇಲೊಂದು ಕುಸಿದು ಕಲ್ಲಿನ ರಾಶಿ ಆಗಿತ್ತು. ಹೊರಗೆ ಬಂದಾಗ ಗೇಟಿನ ಪಕ್ಕದ ಹೂವಿನ ಪಾತಿಯ ಅಂಚಿಗೆ ಸಾಲಾಗಿ ಕೋರಿನ ತುಂಡುಗಳನ್ನು ಹೂತಿದ್ದರು. ಒಂದನ್ನು ಕಿತ್ತು ಒರೆಸಿ ನೋಡಿದೆ. ಕೆಂಪು ಬಣ್ಣದಲ್ಲಿ 87.40. ನನ್ನದೇ ಕೈಬರಹ. ಅಲ್ಲೇ ಪಾತಿಯ ಪಕ್ಕ ಕೂತುಬಿಟ್ಟೆ.

ಆಮೇಲೆ ಏನಾಯಿತು ಗೊತ್ತಾ? ಹಳೇ ಬೋರಿನಿಂದ ಹನ್ನೊಂದು ಮೀಟರ್ ಪಕ್ಕಕ್ಕೆ ಹೊಸ ಬೋರು ಹಾಕಿಸಿದೆವು. ಅದೇ ಕಲ್ಲನ್ನು ಮತ್ತೆ ದುಡ್ಡು ಕೊಟ್ಟು ಮೇಲೆ ತಂದೆವು.

ಕಂಪನಿ ತನಗೆ ಬೇಕಾದ್ದನ್ನು ಹುಡುಕುತ್ತದೆ, ಸಿಗದಿದ್ದರೆ ಗಂಟು ಮೂಟೆ ಕಟ್ಟುತ್ತದೆ. ಸಿಗಲಿಲ್ಲ ಅನ್ನೋ ವಿಷಯವನ್ನೂ ಬರೆದಿಟ್ಟು, ಮುಂದಿನವರಿಗೆ ಕೊಡುವವರು ಬೇಕಲ್ವಾ? ಆ ಕೆಲಸಕ್ಕೇ ಈ ಕಚೇರಿಗಳು. ನಮ್ಮ ಮೈಸೂರು ಸಂಸ್ಥಾನ ಇದನ್ನು ಬಹಳ ಮುಂಚೆ ತಿಳಿದುಕೊಂಡಿತ್ತು. 1894ರಲ್ಲೇ ಭೂವಿಜ್ಞಾನ ಇಲಾಖೆ ಕಟ್ಟಿ, ರಾಬರ್ಟ್ ಬ್ರೂಸ್ ಫೂಟ್ ಅವರನ್ನು ಕರೆದು ಕೂರಿಸಿತು. ಆಮೇಲೆ ಬಂದ ಸ್ಮೀತ್, ಅವರ ಜೊತೆಗಾರರು ಕುದುರೆ, ಎತ್ತಿನ ಗಾಡಿಯಲ್ಲಿ ತಿರುಗಿ, ಯಾವ ಊರ ಪಕ್ಕ ಯಾವ ಹಳೇ ಗುಂಡಿ ಇದೆ ಅಂತ ವರ್ಷ ವರ್ಷ ಅಚ್ಚು ಹಾಕಿಸಿದರು. ನಾನು ಕೆಲಸದಲ್ಲಿದ್ದಾಗ ಹೊಸ ಜಾಗಕ್ಕೆ ಹೊರಡುವ ಮುಂಚೆ ಮೊದಲು ತೆಗೆಯುತ್ತಿದ್ದುದು ಆ ಹಳದಿ ಬಣ್ಣಕ್ಕೆ ತಿರುಗಿದ ಸಂಪುಟಗಳನ್ನೇ. ಅದೇ ಇಲಾಖೆಯ ನಿರ್ದೇಶಕರಾಗಿದ್ದ ಬಿ.ಪಿ. ರಾಧಾಕೃಷ್ಣ ಅವರು, 1958ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಜಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾವನ್ನು ಬೆಳೆಸಿದರು. ಅದರ ಪತ್ರಿಕೆಗೆ ಅವರು ಕೊಟ್ಟ ಆಯಸ್ಸು ಎಷ್ಟೋ. ಕನ್ನಡದಲ್ಲೂ ಬರೆದರು. ನಮ್ಮಂಥ ಹಳ್ಳಿ ಹುಡುಗರಿಗೆ ಈ ವಿಷಯ ತಲುಪಿದ್ದೇ ಅಂಥವರಿಂದ.

ಉಳಿದವರ ಕೆಲಸ ಚುಟುಕಾಗಿ ಹೇಳುತ್ತೇನೆ. ಐ.ಬಿ.ಎಂ. ಅಂದರೆ ಭಾರತೀಯ ಗಣಿ ಬ್ಯೂರೋ, 1948ರದ್ದು, ನಾಗ್ಪುರದಲ್ಲಿದೆ. ದೊಡ್ಡ ಖನಿಜದ ಗಣಿ ಹೇಗೆ ತೋಡಬೇಕು, ಮುಗಿದ ಮೇಲೆ ಹೇಗೆ ಮುಚ್ಚಬೇಕು ಅನ್ನುವ ಯೋಜನೆ ನೋಡುವವರು ಅವರು. ಎ.ಎಂ.ಡಿ. ಪರಮಾಣು ಖನಿಜದವರು, ಹೈದರಾಬಾದ್. ಯಾದಗಿರಿಯ ಗೋಗಿಯಲ್ಲಿ ಯುರೇನಿಯಂ ಹುಡುಕಿದ್ದು, ಮಂಡ್ಯ ಜಿಲ್ಲೆಯ ಮಾರ್ಲಗಲ್ಲದಲ್ಲಿ 1,600 ಟನ್ ಲಿಥಿಯಂ ಇರಬಹುದು ಅಂತ ಪ್ರಾಥಮಿಕ ಅಂದಾಜು ಕೊಟ್ಟಿದ್ದು ಅವರೇ. ಗಣಿ ಮಾಲೀಕರಿಗೆ ಫಿಮಿ ಅನ್ನುವ ಒಕ್ಕೂಟ ಇದೆ, ಗಣಿ ಇಂಜಿನಿಯರುಗಳಿಗೆ 1957ರಿಂದ ಅವರದೇ ಸಂಘ ಇದೆ.

2023ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಭೂವಿಜ್ಞಾನ ದತ್ತಾಂಶ ಭಂಡಾರ ಅಂತ ಒಂದು ಶುರು ಮಾಡಿದ್ದಾರೆ. ನಕ್ಷೆ, ವರದಿ ಎಲ್ಲ ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ನೋಡಬಹುದು. ಬಹಳ ಒಳ್ಳೇ ಕೆಲಸ. ಆದರೆ ವರದಿ ಕಂಪ್ಯೂಟರಿಗೆ ಹೋಗುತ್ತದೆ, ಕಲ್ಲು ಹೋಗೋದಿಲ್ಲ. ಅದಕ್ಕೆ ಶೆಡ್ಡು ಬೇಕು, ಕಬ್ಬಿಣದ ರ್ಯಾಕು ಬೇಕು, ಬೀಗದ ಕೈ ಇಟ್ಟುಕೊಂಡ ಒಬ್ಬ ಮನುಷ್ಯ ಬೇಕು. ಅನ್ವೇಷಣೆಗೆ ಅಂತಲೇ 2015ರಲ್ಲಿ ಒಂದು ರಾಷ್ಟ್ರೀಯ ಟ್ರಸ್ಟ್ ಮಾಡಿ, ರಾಜಧನದ ನೂರಕ್ಕೆ 2ರಷ್ಟು ಅದಕ್ಕೆ ಕಟ್ಟಿಸಲು ಶುರು ಮಾಡಿದರು. ಹೊಸ ಬೋರಿಗೆ ದುಡ್ಡು ಸಿಗುತ್ತಿದೆ. ಹಳೇ ಬೋರಿನ ಕೋರಿಗೂ ಅದರಲ್ಲಿ ಒಂದು ಪಾಲು ಇಡಿ ಅಂತ ನಾನು ಹೋದ ಕಡೆಯೆಲ್ಲ ಕೇಳುತ್ತಿದ್ದೇನೆ. ಆ 87.40ರ ತುಂಡು ನನ್ನ ಮೇಜಿನ ಮೇಲಿದೆ. ಯಾರಾದರೂ ಕೇಳಿದರೆ ಈ ಕಥೆ ಹೇಳುತ್ತೇನೆ.

ಪ್ರಶ್ನೆ: ಅಂಕಲ್, ನಮ್ಮ ಹಳ್ಳದಲ್ಲಿ ಹೊಳೆಯುವ ಹಳದಿ ಕಲ್ಲು ಸಿಕ್ಕಿದೆ. ಚಿನ್ನ ಇರಬಹುದಾ? ಯಾರಿಗೆ ತೋರಿಸಲಿ?
ಏಳನೇ ತರಗತಿ, ಕೊಪ್ಪಳ ಜಿಲ್ಲೆ

ಪುಟ್ಟಾ, ಮನೆಯಲ್ಲಿ ಒಂದು ಹಳೇ ಟೈಲ್ಸ್ ಚೂರು ಹುಡುಕು. ಅದರ ಹಿಂಬದಿಗೆ ನುಣುಪು ಇರೋದಿಲ್ಲ. ಅಲ್ಲಿ ನಿನ್ನ ಕಲ್ಲಿನ ಹೊಳೆಯುವ ಭಾಗವನ್ನು ಗಟ್ಟಿಯಾಗಿ ಗೀಚು. ಗೆರೆ ಕಪ್ಪಾಗಿ ಬಂದರೆ ಅದು ಪೈರೈಟ್, ಕಬ್ಬಿಣ ಮತ್ತು ಗಂಧಕ ಸೇರಿದ್ದು. ಗೆರೆಯೂ ಹಳದಿಯೇ ಬಂದರೆ, ಸೂಜಿಯಿಂದ ಒತ್ತಿದಾಗ ಪುಡಿಯಾಗದೆ ತಗ್ಗು ಬಿದ್ದರೆ, ಆಗ ನನಗೆ ಕೂಡಲೇ ಬರಿ. ನಿಮ್ಮ ವಿಜ್ಞಾನದ ಟೀಚರಿಗೂ ತೋರಿಸು. ಜಿಲ್ಲಾ ಕೇಂದ್ರದಲ್ಲಿ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕಚೇರಿ ಇರುತ್ತದೆ, ಅಲ್ಲಿಗೂ ಟೀಚರ್ ಜೊತೆ ಹೋಗಬಹುದು.

ಕಳಿಸುವ ಮೊದಲು ಒಂದು ಕೆಲಸ ಮಾಡು. ಒಂದು ಚೀಟಿಯಲ್ಲಿ ಹಳ್ಳದ ಹೆಸರು, ಊರಿಂದ ಎಷ್ಟು ದೂರ, ಯಾವ ಮರದ ಅಥವಾ ಬಂಡೆಯ ಪಕ್ಕ, ಯಾವ ತಾರೀಖು ಅಂತ ಪೆನ್ಸಿಲಿನಲ್ಲಿ ಬರಿ. ಪೆನ್ ಬೇಡ, ಒದ್ದೆಯಾದರೆ ಅಳಿಸಿ ಹೋಗುತ್ತದೆ. ಚೀಟಿಯನ್ನು ಕಲ್ಲಿನ ಜೊತೆಗೇ ಸುತ್ತಿ ಕಟ್ಟು. ಕೆಳಗೆ ನಿನ್ನ ಹೆಸರನ್ನೂ ಬರಿ. ಕಂಡುಹಿಡಿದವನು ನೀನೇ ಅಲ್ವಾ.